ರಸ್ತೆ ಅಂಚು ಸೈಕಲ್‌ನವರಿಗೆ ಬಿಡಿ: ಗಂಗಾವತಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳೇ, ಲೋಕೋಪಯೋಗಿ, ಸಾರಿಗೆ, ಶಾಲಾ ಶಿಕ್ಷಣ ಇಲಾಖೆಗಳ ಸಚಿವರೇ,

ನಮಸ್ಕಾರ. ನಾನು ಗಂಗಾವತಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಈ ಪತ್ರವನ್ನು ನೇರವಾಗಿ ನಿಮ್ಮ ಕಚೇರಿಗೇ ಕಳಿಸಬಹುದಿತ್ತು. ಆದರೆ ಕಳಿಸಿದ ಪತ್ರಕ್ಕೆ ಒಂದು ನಂಬರ್ ಬೀಳುತ್ತದೆ, ಅದು ಒಂದು ಇಲಾಖೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ಕೊನೆಗೆ "ಸೂಕ್ತ ಕ್ರಮಕ್ಕಾಗಿ" ಅಂತ ಬರೆಸಿಕೊಂಡು ಮತ್ತೆ ನಮ್ಮ ಜಿಲ್ಲೆಗೇ ಬಂದು ಯಾವುದೋ ಕಪಾಟು ಸೇರುತ್ತದೆ. ಅದಕ್ಕೇ ನಾಲ್ಕು ಜನ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಸೈಕಲ್. "ಈಗ ಸೈಕಲ್ ಯಾರ್ರೀ ಹೊಡೀತಾರೆ, ಮನೆಗೆರಡು ಬೈಕ್ ಇವೆ" ಅಂತ ನಿಮ್ಮ ಅಧಿಕಾರಿಗಳು ಹೇಳುತ್ತಾರೆ, ನನಗೂ ಒಬ್ಬರು ಹೇಳಿದ್ದಾರೆ. ಅವರು ಒಂದು ದಿನ ಬೆಳಿಗ್ಗೆ ಐದೂವರೆಗೆ ಕಾರಟಗಿ ರಸ್ತೆಗೆ ಬಂದು ನಿಲ್ಲಲಿ. ರೈಸ್ ಮಿಲ್‌ಗೆ ಹೋಗುವ ಹಮಾಲರು, ರಾತ್ರಿ ಪಾಳಿ ಮುಗಿಸಿ ಬರುವ ವಾಚ್‌ಮನ್, ಹಾಲಿನ ಕ್ಯಾನ್ ಕಟ್ಟಿಕೊಂಡವರು, ಪೇಪರ್ ಹಾಕುವ ಹುಡುಗರು, ಬುಟ್ಟಿ ಸಲಿಕೆ ಸಿಕ್ಕಿಸಿಕೊಂಡ ಗೌಂಡಿಗಳು. ಎಂಟೂವರೆ ಆದರೆ ಹೈಸ್ಕೂಲ್ ಮಕ್ಕಳು. ಇವರಲ್ಲಿ ಯಾರೂ ಆರೋಗ್ಯಕ್ಕಾಗಿ ಸೈಕಲ್ ಹೊಡೆಯುತ್ತಿಲ್ಲ, ಪರಿಸರ ಉಳಿಸೋಕೂ ಅಲ್ಲ. ಪೆಟ್ರೋಲ್ ಹಾಕಿಸೋ ಶಕ್ತಿ ಇಲ್ಲ, ಅವರು ಹೋಗೋ ಹೊತ್ತಿಗೆ ಬಸ್ಸಿಲ್ಲ, ಅಷ್ಟೇ.

ನಮ್ಮ ರಾಜ್ಯದಲ್ಲಿ ಸೈಕಲ್ ಅಂದ ತಕ್ಷಣ ಮಾತು ಬೆಂಗಳೂರಿಗೋ ಮೈಸೂರಿಗೋ ಹೋಗುತ್ತದೆ. ಮೈಸೂರಿನಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಬಂತು, ಸಂತೋಷ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು, ಆಮೇಲೆ ಆ ಕಂಬಗಳ ಗತಿ ಏನಾಯಿತು ಅಂತ ಅಲ್ಲಿನವರೇ ಹೇಳಲಿ. ನಾನು ಅದನ್ನು ಕೇಳೋಕೆ ಬಂದಿಲ್ಲ. ಹಸಿರು ಬಣ್ಣ ಬಳಿದ ಟ್ರ್ಯಾಕ್ ನಮಗೆ ಬೇಡ. ನಮಗೆ ಬೇಕಿರೋದು ರಸ್ತೆಯ ಅಂಚು. ಡಾಂಬರ್ ಜೊತೆ ಸಮ ಇರುವ, ಗಟ್ಟಿ ಇರುವ, ಮುಳ್ಳಿಲ್ಲದ, ಕತ್ತಲಲ್ಲಿ ಟ್ರ್ಯಾಲಿ ನಿಲ್ಲಿಸಿರದ ಅಂಚು. ಇಡೀ ಪತ್ರದಲ್ಲಿ ನಾನು ಕೇಳುವುದು ಮುಖ್ಯವಾಗಿ ಇಷ್ಟೇ, ಉಳಿದದ್ದೆಲ್ಲ ಇದರ ಸುತ್ತಲೇ ಇದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಲಾರಿಯೊಂದು 2.6 ಮೀಟರ್ ತನಕ ಅಗಲ ಇರಬಹುದು, ಕಾನೂನೇ ಬಿಡುತ್ತದೆ. ನಮ್ಮ ಕಡೆ ಎಷ್ಟೋ ಜಿಲ್ಲಾ ರಸ್ತೆಗಳ ಡಾಂಬರು 5.5 ಮೀಟರ್. ಎದುರುಬದುರು ಎರಡು ಲಾರಿ ಬಂದರೆ 5.2 ಮೀಟರ್ ಅವಕ್ಕೇ ಬೇಕು. ಉಳಿದದ್ದು 30 ಸೆಂಟಿಮೀಟರ್, ಅಂದರೆ ಒಂದು ಅಡಿ. ಸೈಕಲ್ ಹ್ಯಾಂಡಲ್ಲೇ ಅದಕ್ಕಿಂತ ಅಗಲ. ಹಳ್ಳಿ ರಸ್ತೆ ಇನ್ನೂ ಸಣ್ಣದು, 3.75 ಮೀಟರ್. ಅಲ್ಲಿ ಭತ್ತದ ಲೋಡ್ ಹೊತ್ತ ಒಂದೇ ಲಾರಿ ಬಂದರೂ ಸೈಕಲ್‌ನವನು ಕೆಳಗಿಳಿಯಬೇಕು. ಇಳಿಯಲಿ, ಇಳಿಯೋಕೆ ನಾವು ಬೇಡ ಅನ್ನಲ್ಲ. ಆದರೆ ಎಲ್ಲಿಗೆ?

ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೇರಿದೆ. ಪಕ್ಕದ ಮಣ್ಣು ಇದ್ದಲ್ಲೇ ಇದೆ. ಎಷ್ಟೋ ಕಡೆ ಅಂಚಿನಿಂದ ಕೆಳಕ್ಕೆ ಅರ್ಧ ಗೇಣು, ಕೆಲವು ಕಡೆ ಒಂದು ಗೇಣು. ಹಿಂದೆ ಲಾರಿ ಹಾರ್ನ್ ಹೊಡೆದ ತಕ್ಷಣ ಅಲ್ಲಿ ಇಳಿಸಿದರೆ ಹ್ಯಾಂಡಲ್ ತಿರುಗಿ ಬೀಳೋದು ಖಂಡಿತ, ಅದೂ ಲಾರಿ ಕಡೆಗೇ ಬೀಳುವುದು ಜಾಸ್ತಿ. ಮಳೆಗಾಲದಲ್ಲಿ ನಮ್ಮದು ಎರೆ ಮಣ್ಣು. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗುವುದೇ ನಿಂತುಬಿಡುತ್ತದೆ, ಕಡ್ಡಿ ತಗೊಂಡು ಕೆತ್ತಿ ಕೆತ್ತಿ ತೆಗೆಯಬೇಕು. ಬೇಸಿಗೆಯಲ್ಲಿ ಬಳ್ಳಾರಿ ಜಾಲಿ. ಅದರ ಟೊಂಗೆ ರಸ್ತೆ ತನಕ ಚಾಚಿಕೊಂಡು ಮುಖಕ್ಕೆ ಹೊಡೆಯುತ್ತದೆ, ಮುಳ್ಳು ಉದುರಿ ಟ್ಯೂಬಿಗೆ ಹೊಕ್ಕುತ್ತದೆ. ಪಂಕ್ಚರ್ ಹಾಕಿ ಬದುಕುವವನು ನಾನು, ಜಾಲಿ ಮುಳ್ಳಿನಿಂದ ನನಗೆ ವ್ಯಾಪಾರವೇ. ಆದರೂ ಹೇಳುತ್ತೇನೆ, ಕಡಿಸಿ. ಆ ಟೊಂಗೆ ತಪ್ಪಿಸೋಕೆ ಅಂತಲೇ ಮಕ್ಕಳು ರಸ್ತೆ ನಡುವಿಗೆ ಬರುತ್ತಾರೆ.

ಸುಗ್ಗಿ ಟೈಮಿನಲ್ಲಿ ಇನ್ನೊಂದು ಕಥೆ. ಈಗ ಭತ್ತ ಮಷೀನಿನಲ್ಲೇ ಕೊಯ್ಲಾಗುತ್ತದೆ, ಕಾಳು ಹಸಿ ಇರುತ್ತದೆ, ಒಣಗಿಸದೆ ಮಾರಿದರೆ ರೇಟಿಲ್ಲ. ರೈತರಿಗೆ ಕಣ ಇಲ್ಲ. ಹಂಗಾಗಿ ರಸ್ತೆ ಮೇಲೇ ಉದ್ದಕ್ಕೆ ಹರಡುತ್ತಾರೆ, ಗಾಡಿ ಹತ್ತಬಾರದು ಅಂತ ಅಂಚಿಗೆ ಕಲ್ಲು ಇಡುತ್ತಾರೆ. ಅರ್ಧ ರಸ್ತೆ ಭತ್ತಕ್ಕೆ, ಉಳಿದರ್ಧ ಎರಡೂ ಕಡೆಯ ಗಾಡಿಗಳಿಗೆ. ಸಂಜೆ ಭತ್ತ ಎತ್ತಿದ ಮೇಲೂ ಕಲ್ಲು ಕೆಲವು ಕಡೆ ಹಾಗೇ ಉಳಿದಿರುತ್ತವೆ, ಲೈಟ್ ಇಲ್ಲದ ಸೈಕಲ್‌ನವನಿಗೆ ಅವು ಕಾಣೋದು ಮುಗ್ಗರಿಸಿದ ಮೇಲೇ. ರೈತರನ್ನು ಬೈಯೋದು ಸುಲಭ. ನಾನು ಬೈಯಲ್ಲ, ಅವರ ಮಕ್ಕಳೇ ನನ್ನ ಗಿರಾಕಿಗಳು. ಊರಿಗೊಂದು ಕಾಂಕ್ರೀಟ್ ಒಕ್ಕಣೆ ಕಣ ಮಾಡಿಕೊಟ್ಟರೆ ರಸ್ತೆ ತಾನೇ ಖಾಲಿಯಾಗುತ್ತದೆ. ಇದು ರಸ್ತೆ ಸುರಕ್ಷತೆ ಕೆಲಸ ಅಂತ ಯಾರಿಗೂ ಅನಿಸಲ್ಲ, ಯಾಕಂದರೆ ಕಣ ಕೃಷಿ ಇಲಾಖೆದು, ರಸ್ತೆ ನಿಮ್ಮ ಪಿಡಬ್ಲ್ಯುಡಿದು, ಬಿದ್ದವನು ಆಸ್ಪತ್ರೆಯವರ ಪಾಲು.

ಅಂಗಡಿಗೆ ಬಂದ ಸೈಕಲ್ ನೋಡಿದರೆ ಏನಾಗಿದೆ ಅಂತ ಕೇಳುವ ಮುಂಚೇನೇ ನಮಗೆ ಗೊತ್ತಾಗುತ್ತದೆ. ಮುಂದಿನ ರಿಮ್ ಬೆಂಡಾಗಿ ಫೋರ್ಕ್ ಹಿಂದಕ್ಕೆ ಹೋಗಿದ್ದರೆ ಗುಂಡಿಗೆ ಬಿದ್ದಿದ್ದು, ಇಲ್ಲಾ ನಿಂತ ಟ್ರ್ಯಾಲಿಗೆ ಹೊಡೆದಿದ್ದು. ಹಿಂದಿನ ಮಡ್‌ಗಾರ್ಡ್ ಚಪ್ಪಟೆಯಾಗಿ ಕ್ಯಾರಿಯರ್ ಸೀಟಿನ ಕಡೆ ಮಡಚಿಕೊಂಡಿದ್ದರೆ ಹಿಂದಿನಿಂದ ಬಂದ ಗಾಡಿ ಗುದ್ದಿದ್ದು. ಹೆದ್ದಾರಿ ಪಕ್ಕದ ಊರುಗಳಿಂದ ಬರೋದು ಈ ಎರಡನೇ ಥರದ್ದೇ ಜಾಸ್ತಿ. ಕೆಲವು ಸಲ ಸೈಕಲ್ ತಂದವರು ಅದನ್ನು ಓಡಿಸುತ್ತಿದ್ದವರಾಗಿರುವುದಿಲ್ಲ, ಅವರ ಮನೆಯವರು. ಇಷ್ಟಾದ ಮೇಲೂ ಕೇಸಿನ ಕಾಗದದಲ್ಲಿ "ಸೈಕಲ್ ಸವಾರ ಏಕಾಏಕಿ ಅಡ್ಡ ಬಂದ" ಅಂತ ಬರೆದಿರುತ್ತದೆ. ಅಡ್ಡ ಬಂದವನ ಸೈಕಲ್ ನಡುಮಧ್ಯ ಮುರಿಯಬೇಕಲ್ವಾ? ಹಿಂದಿನ ಕ್ಯಾರಿಯರ್ ಹೆಂಗೆ ಮಡಚುತ್ತದೆ? ತನಿಖೆ ಮಾಡೋರು ಸೈಕಲ್ ಕಡೆಗೂ ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಪಂಚನಾಮೆಯಲ್ಲಿ ಗುದ್ದಿದ್ದು ಯಾವ ಕಡೆಯಿಂದ ಅಂತ ಒಂದು ಸಾಲು ಬರೆದರೆ ಸಾಕು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಇದು ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ. ಅದರಲ್ಲಿ ಸೈಕಲ್‌ನವರ ಪಾಲು ಸಣ್ಣದು ಅಂತ ಪಟ್ಟಿ ನೋಡಿದವರು ಹೇಳುತ್ತಾರೆ. ಆದರೆ ಹೆದರಿಕೊಂಡು ಸೈಕಲ್ ಬಿಟ್ಟವರ ಲೆಕ್ಕ ಆ ಪಟ್ಟಿಯಲ್ಲಿ ಎಲ್ಲೂ ಬರಲ್ಲ. ಮಗಳಿಗೆ ಸೈಕಲ್ ಕೊಡಿಸಿ, ಒಂದು ತಿಂಗಳು ನೋಡಿ, ಬೇಡಪ್ಪಾ ಅಂತ ಅದೇ ಸೈಕಲನ್ನು ನನ್ನ ಅಂಗಡಿಗೇ ಮಾರೋಕೆ ತಂದ ಅಪ್ಪಂದಿರು ಇದ್ದಾರೆ.

ಮಕ್ಕಳ ವಿಷಯಕ್ಕೇ ಬರೋಣ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿತು. ಯಾವ ಪಕ್ಷ ತಂದಿತು ಅನ್ನೋ ಜಗಳ ನನಗೆ ಬೇಡ, ಒಳ್ಳೆ ಕೆಲಸ. ಕ್ವಾಲಿಟಿ ಬಗ್ಗೆ ಮಾತ್ರ ಕೇಳಬೇಡಿ, ಸೈಕಲ್ ಹಂಚಿದ ವಾರ ನಮ್ಮಂಥ ಅಂಗಡಿಗಳ ಮುಂದೆ ಪಾಳಿ ಹಚ್ಚುತ್ತಿದ್ದರು, ನಟ್ಟು ಬಿಗಿಸೋಕೆ, ಬ್ರೇಕ್ ಕಟ್ಟೋಕೆ. ಆದರೂ ಹಳ್ಳಿ ಹುಡುಗಿಯರು ಸಾಲುಸಾಲಾಗಿ ಹೈಸ್ಕೂಲಿಗೆ ಹೋಗುತ್ತಿದ್ದದ್ದನ್ನು ನಾವೆಲ್ಲ ನೋಡಿದ್ದೇವೆ. ಕೊರೋನಾ ಬಂದ 2020ರಲ್ಲಿ ಅದು ನಿಂತಿತು, ಆಮೇಲೆ ಬಂದ ಸರ್ಕಾರಗಳಿಗೆ ದುಡ್ಡಿನ ಅಡಚಣೆ ನೆನಪಾಯಿತು. ಬಿಹಾರದಲ್ಲೂ 2006ರಲ್ಲೇ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದರ ಮೇಲೆ ಕಾರ್ತಿಕ್ ಮುರಳೀಧರನ್, ನಿಶಿತ್ ಪ್ರಕಾಶ್ ಅನ್ನೋ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದ್ದಾರೆ. ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ 32 ಶೇಕಡಾ ಏರಿತು, ಹುಡುಗ ಹುಡುಗಿಯರ ನಡುವಿನ ಅಂತರ 40 ಶೇಕಡಾ ಇಳಿಯಿತು, ಅದೂ ಶಾಲೆ ಮೂರು ಕಿಲೋಮೀಟರಿಗಿಂತ ದೂರ ಇರುವ ಊರುಗಳಲ್ಲೇ ಲಾಭ ಹೆಚ್ಚು ಅಂತ ಅವರು ಕಂಡುಕೊಂಡರು. ನಮ್ಮ ಕನಕಗಿರಿ, ಕುಷ್ಟಗಿ ಕಡೆ ಮೂರು ಕಿಲೋಮೀಟರ್ ಅಂದರೆ ಹತ್ತಿರದ ಶಾಲೆ ಅಂತ ಅರ್ಥ!

"ಈಗ ಶಕ್ತಿ ಯೋಜನೆ ಇದೆಯಲ್ಲ, ಹುಡುಗಿಯರು ಬಸ್ಸಿನಲ್ಲಿ ಫ್ರೀ ಹೋಗಲಿ" ಅಂತೀರಿ. ಶಕ್ತಿಗೆ ನಾನು ವಿರೋಧ ಅಲ್ಲ, ನಮ್ಮ ಮನೆಯವರೂ ಅದರಲ್ಲೇ ಓಡಾಡುತ್ತಾರೆ. ಆದರೆ ಬಸ್ ಬರುವ ಊರಿಗೆ ಶಕ್ತಿ. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಇರುವ ಊರಿನಲ್ಲಿ, ಸ್ಪೆಷಲ್ ಕ್ಲಾಸ್ ಮುಗಿಯುವ ಹೊತ್ತಿಗೆ ಆ ಸಂಜೆ ಬಸ್ಸೂ ಹೋಗಿರುತ್ತದೆ. ಹುಡುಗರು ಏನು ಮಾಡುತ್ತಾರೆ ಗೊತ್ತಾ? ಮನೆಯ ಬೈಕ್ ತಗೊಂಡು ಮೂರು ಮೂರು ಜನ ಹೋಗುತ್ತಾರೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಸೈಕಲ್ ಕೊಡೋದು ನಿಲ್ಲಿಸಿ, ಬಸ್ ಬಿಡದೆ, ಬೈಕ್ ಹತ್ತಿದವನ ಅಪ್ಪನಿಗೆ ದಂಡ ಹಾಕೋದು ಯಾವ ನ್ಯಾಯ ಅಂತ ನೀವೇ ಹೇಳಿ. ಹುಡುಗರು ಮಾಡೋದು ಸರಿ ಅಂತ ನಾನು ಹೇಳುತ್ತಿಲ್ಲ.

ಸೈಕಲ್ ಮತ್ತೆ ಕೊಡಿ. ಕೊಡುವಾಗ ಹಿಂದೆ ದೊಡ್ಡ ರಿಫ್ಲೆಕ್ಟರ್, ಮುಂದೆ ಒಂದು ಲೈಟ್ ಹಾಕಿಸಿ, ಹುಡುಗಿಯರ ಸೈಕಲ್ಲಿಗೆ ಚೈನ್ ಕವರ್ ಗಟ್ಟಿಯಾಗಿರಲಿ. ಟೆಂಡರ್ ಪಾಸ್ ಮಾಡುವ ಮುಂಚೆ ಯಾವುದಾದರೂ ತಾಲೂಕಿನ ಒಬ್ಬ ಮಿಸ್ತ್ರಿಯನ್ನು ಕರೆದು ಒಂದು ಸೈಕಲ್ ಬಿಚ್ಚಿ ನೋಡೋಕೆ ಹೇಳಿ. ಅರ್ಧ ಗಂಟೆ ಕೆಲಸ. 2025ರ ಸೆಪ್ಟೆಂಬರ್‌ನಲ್ಲಿ ಸೈಕಲ್ ಮೇಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ, ನಿಮಗೂ ಅಷ್ಟು ಅಗ್ಗ ಆಯಿತು.

ಕಾನೂನಿನ ಮಾತೂ ಒಂದಿಷ್ಟು ಇದೆ, ಬೇಗ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 138ನೇ ಸೆಕ್ಷನ್‌ಗೆ 2019ರಲ್ಲಿ 1ಎ ಅಂತ ಒಂದು ಭಾಗ ಸೇರಿತು. ಎಂಜಿನ್ ಇಲ್ಲದ ಗಾಡಿಗಳು, ನಡೆದು ಹೋಗುವವರು, ಇವರ ಓಡಾಟದ ಬಗ್ಗೆ ರಾಜ್ಯ ಸರ್ಕಾರ ನಿಯಮ ಮಾಡಬಹುದು ಅಂತ. ಅದೇ ತಿದ್ದುಪಡಿಯಲ್ಲಿ 210ಡಿ ಬಂತು, ರಾಷ್ಟ್ರೀಯ ಹೆದ್ದಾರಿ ಬಿಟ್ಟು ಉಳಿದ ರಸ್ತೆಗಳನ್ನು ಹೇಗೆ ಕಟ್ಟಬೇಕು, ಹೇಗೆ ನೋಡಿಕೊಳ್ಳಬೇಕು ಅನ್ನೋ ನಿಯಮವನ್ನೂ ರಾಜ್ಯವೇ ಮಾಡಬಹುದು. 198ಎ ಪ್ರಕಾರ ರಸ್ತೆಯ ದೋಷದಿಂದ ಜೀವ ಹೋದರೆ ಕಟ್ಟಿದವರಿಗೆ ಒಂದು ಲಕ್ಷದ ತನಕ ದಂಡ. ವರ್ಷಗಟ್ಟಲೆ ರಾಜ್ಯಗಳು ಸುಮ್ನೆ ಕೂತವು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆರು ತಿಂಗಳಲ್ಲಿ ನಿಯಮ ಮಾಡಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ನನ್ನ ಭಯ ಏನಂದರೆ, ನಿಯಮ ಅಂತ ಹೆಸರಿಗೆ "ಸೈಕಲ್ ಹೆದ್ದಾರಿಗೆ ಬರುವಂತಿಲ್ಲ" ಅಂತ ಒಂದು ಬೋರ್ಡ್ ಬರೆಸಿ ಕೈ ತೊಳೆದುಕೊಳ್ಳೋದು. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ 67ನೇ ಹೆದ್ದಾರಿಯನ್ನೇ ನೋಡಿ. ಗಿಣಿಗೇರಾ ಕಡೆ ಫ್ಯಾಕ್ಟರಿಗೆ ಹೋಗುವವನಿಗೆ ಬೇರೆ ದಾರಿ ಎಲ್ಲಿದೆ? ನಾಲ್ಕು ಪಥ ಮಾಡಿ ನಡುವೆ ಡಿವೈಡರ್ ಕಟ್ಟಿದ ಮೇಲೆ ಎದುರಿಗೆ ಕಾಣುವ ಊರಿಗೆ ಹೋಗೋಕೂ ಸುತ್ತು ಹಾಕಬೇಕು. ಕಾರಿನವರಿಗೆ ಅದು ಎರಡು ನಿಮಿಷ. ಸೈಕಲ್‌ನವನಿಗೆ ಬಿಸಿಲಿನಲ್ಲಿ ಕಾಲು ಗಂಟೆ. ಅದಕ್ಕೇ ಅವನು ರಾಂಗ್ ಸೈಡಿನಲ್ಲಿ ಬರುತ್ತಾನೆ. ಅಶಿಸ್ತು ಅಂತೀರಿ, ನನಗೆ ಅದು ನಕ್ಷೆ ಬರೆದವರ ತಪ್ಪು ಅನಿಸುತ್ತದೆ. ಸರ್ವಿಸ್ ರಸ್ತೆ, ಊರಿನ ಹತ್ತಿರ ಅಂಡರ್‌ಪಾಸ್, ಇವೆರಡೂ ಇಲ್ಲದೆ ಬೋರ್ಡ್ ಹಾಕಬೇಡಿ.

ಸ್ಪೀಡಿನ ಬಗ್ಗೆಯೂ ಹೇಳಬೇಕು. ಗಾಡಿಯ ವೇಗ 30ರಿಂದ 60 ಆದರೆ ಗುದ್ದುವ ಏಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ, ಇದು ಹೈಸ್ಕೂಲ್ ವಿಜ್ಞಾನದಲ್ಲೇ ಬರುತ್ತದೆ. ಜನ, ಸೈಕಲ್, ಗಾಡಿ ಕೂಡಿ ಓಡಾಡುವ ಕಡೆ 30 ಕಿ.ಮೀ. ಮಿತಿ ಇರಲಿ ಅಂತ 2020ರಲ್ಲಿ ರಸ್ತೆ ಸುರಕ್ಷತೆಯ ಜಾಗತಿಕ ಸಮ್ಮೇಳನದ ಸ್ಟಾಕ್‌ಹೋಮ್ ಘೋಷಣೆಯಲ್ಲೂ ಹೇಳಿದ್ದಾರೆ. ಶ್ರೀರಾಮನಗರದಂಥ ಊರಿನ ನಡುವೆಯೇ ದೊಡ್ಡ ರಸ್ತೆ ಹೋಗುವ ಕಡೆ, ಹೈಸ್ಕೂಲ್ ಮುಂದೆ, ಇದನ್ನು ಮಾಡಿ. ರಸ್ತೆ ಉಬ್ಬು ಹಾಕುವಾಗ ಅಂಚಿನಲ್ಲಿ ಸೈಕಲ್ ಹೋಗುವಷ್ಟು ಜಾಗ ಬಿಡಿ, ಈಗ ಸಾಲು ಸಾಲು ಹಳದಿ ಪಟ್ಟಿ ಹಾಕಿ ಹಾಲಿನ ಕ್ಯಾನ್ ಕಟ್ಟಿದವನ ಬೆನ್ನು ಮುರಿಯುತ್ತಿದ್ದೀರಿ. ಟ್ರ್ಯಾಕ್ಟರ್ ಟ್ರ್ಯಾಲಿಗಳ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸೋಕೆ ದುಡ್ಡೂ ಜಾಸ್ತಿ ಬೇಡ, ಆರ್‌ಟಿಒದವರು ಸುಗ್ಗಿ ಟೈಮಿನಲ್ಲಿ ಎರಡು ದಿನ ರೈಸ್ ಮಿಲ್ ಗೇಟಿನಲ್ಲಿ ನಿಂತರೆ ಆಗಿಹೋಗುವ ಕೆಲಸ.

ಹೆಲ್ಮೆಟ್ ಹಾಕಿಕೊಳ್ಳಿ, ಹೊಳೆಯುವ ಜಾಕೆಟ್ ಹಾಕಿಕೊಳ್ಳಿ ಅನ್ನೋ ಉಪದೇಶ ಮಾತ್ರ ದಯವಿಟ್ಟು ಬೇಡ. ದಿನಗೂಲಿಯವನು ಜಾಕೆಟ್ ಕೊಂಡರೂ ಲಾರಿಗೆ ಜಾಗ ಬಿಡೋಕೆ ರಸ್ತೆ ಎಲ್ಲಿಂದ ತರುತ್ತಾನೆ? ಜೂನ್ 3 ವಿಶ್ವ ಸೈಕಲ್ ದಿನ ಅಂತ ಟೀಶರ್ಟ್ ಹಂಚಿ, ಸ್ಟೇಡಿಯಂ ತನಕ ಜಾಥಾ ಮಾಡಿ, ಫೋಟೋ ಆದ ಮೇಲೆ ಬೊಲೆರೊ ಹತ್ತುವ ಕಾರ್ಯಕ್ರಮವೂ ಬೇಡ. 2020ರ ಅದೇ ಜೂನ್ 3ರಂದು ಅಟ್ಲಾಸ್ ಸೈಕಲ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ನಮ್ಮಂಥ ಅಂಗಡಿಯವರಿಗೆ ಆ ದಿನ ಬಂದರೆ ನೆನಪಾಗೋದು ಅದೇ.

ದುಡ್ಡೆಲ್ಲಿದೆ ಅಂತ ಕೇಳಬೇಡಿ, ನಮ್ಮ ಭಾಗದಲ್ಲಿ ಆ ಪ್ರಶ್ನೆಗೆ ಉತ್ತರ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಅಂತ ನೀವೇ ಘೋಷಿಸಿದ್ದೀರಿ. ಬಳ್ಳಾರಿ ಕಡೆ ಜಿಲ್ಲಾ ಖನಿಜ ನಿಧಿ ಇದೆ, ಗಣಿ ಲಾರಿ ಓಡಾಡಿ ಹಾಳಾದ ಊರಿನವರಿಗೇ ಅಂತ ಇಟ್ಟ ದುಡ್ಡು. ಸಂಡೂರು, ತೋರಣಗಲ್ಲು ಕಡೆ ಅದಿರಿನ ಧೂಳು ಕುಡಿದುಕೊಂಡು ಸೈಕಲ್ ಹೊಡೆಯುವವನಿಗೆ ಅದರಲ್ಲಿ ಒಂದು ಗಟ್ಟಿ ಅಂಚು ಬರಬಾರದಾ? ಹೊಸದಾಗಿ ಜಮೀನು ಕೊಳ್ಳಿ ಅಂತ ಕೇಳುತ್ತಿಲ್ಲ. ಜಾಗ ಇರುವ ಕಡೆ ಎರಡು ಬದಿಗೂ ಒಂದೂವರೆ ಮೀಟರ್, ಇಲ್ಲದ ಕಡೆ ಒಂದೇ ಮೀಟರ್ ಆದರೂ ಸರಿ. ಮೊದಲು ಹೈಸ್ಕೂಲ್‌ಗಳ ಸುತ್ತ ಐದು ಕಿಲೋಮೀಟರ್ ಮಾಡಿ, ಬೀದರ್‌ನಿಂದ ಚಾಮರಾಜನಗರದ ತನಕ ಎಲ್ಲ ಕಡೆಯೂ. ಅಂಚು ಮಾಡಿದ ಮೇಲೆ ಅದರ ಮೇಲೆ ಜಲ್ಲಿ ರಾಶಿ ಹಾಕೋರಿಗೆ, ಡಾಬಾ ಮುಂದೆ ಲಾರಿ ನಿಲ್ಲಿಸೋರಿಗೆ ದಂಡ ಹಾಕಿ.

ಇನ್ನೊಂದು ಬಿಟ್ಟಿದ್ದೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮಲ್ಲಿಂದ ರಾಯಚೂರಿನ ತನಕ ಹೋಗುತ್ತದೆ, 220 ಕಿ.ಮೀ.ಗೂ ಜಾಸ್ತಿ. ಅದರ ಪಕ್ಕ ನೀರಾವರಿಯವರು ಓಡಾಡುವ ದಾರಿ ಇದೆ. ಲಾರಿ ಕಾಟ ಇಲ್ಲ ಅಂತ ಈಗಲೂ ಕೆಲವರು ಅಲ್ಲೇ ಸೈಕಲ್ ಹೊಡೆಯುತ್ತಾರೆ, ಆದರೆ ಗುಂಡಿ ಜಾಸ್ತಿ, ನೀರಿನ ಕಡೆ ತಡೆಗೋಡೆ ಇಲ್ಲ. ಊರಿಂದ ಶಾಲೆಗೆ ಹತ್ತಿರ ಆಗುವ ತುಂಡುಗಳನ್ನಾದರೂ ಗಟ್ಟಿ ಮಾಡಿ, ತಡೆ ಕಟ್ಟಿದರೆ ರೆಡಿಮೇಡ್ ಸೈಕಲ್ ದಾರಿ. ನೀರಾವರಿ ಇಲಾಖೆ ಒಪ್ಪಲ್ಲ ಅಂತ ನನಗೆ ಹೇಳುವವರಿದ್ದಾರೆ. ನೀರಾವರಿ ಸಚಿವರು, ಲೋಕೋಪಯೋಗಿ ಸಚಿವರು ಇಬ್ಬರೂ ಒಂದೇ ಸಂಪುಟದಲ್ಲಿ ಕೂರುತ್ತೀರಲ್ಲ, ಒಂದು ಸಲ ಮಾತಾಡಿ ನೋಡಿ.

ನಮ್ಮ ಜಿಲ್ಲಾಧಿಕಾರಿಗಳಲ್ಲೂ ಒಂದು ವಿನಂತಿ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ನೀವೇ ಅಧ್ಯಕ್ಷರು. ಮುಂದಿನ ಸಭೆಗೆ ಸೈಕಲ್ ಹೊಡೆಯುವ ಒಬ್ಬ ಹಮಾಲರನ್ನು, ಹೈಸ್ಕೂಲಿನ ಒಬ್ಬ ಹೆಡ್‌ಮಾಸ್ಟರನ್ನು ಕರೆಯಿರಿ. ಯಾವ ತಿರುವಿನಲ್ಲಿ, ಯಾವ ಸೇತುವೆ ಹತ್ತಿರ ಭಯ ಅಂತ ಅವರು ಬಾಯಿಪಾಠ ಹೇಳುತ್ತಾರೆ. ಕಾರಟಗಿ ರಸ್ತೆಗೆ ಮುಂದಿನ ಸಲ ಡಾಂಬರು ಹಾಕುವಾಗ ಅಂದಾಜು ಪಟ್ಟಿಯಲ್ಲಿ ಅಂಚಿನ ಬಾಬತ್ತು ಸೇರಿದೆಯಾ ಅಂತ ನಾವು ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಕೇಳುತ್ತೇವೆ. ಉತ್ತರ ಬಂದ ಮೇಲೆ ಅದನ್ನೂ ಹೀಗೇ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ.

ಇಂತಿ,
ಸೈಕಲ್ ರಿಪೇರಿ ಅಂಗಡಿಯವನು,
ಗಂಗಾವತಿ, ಕೊಪ್ಪಳ ಜಿಲ್ಲೆ